ರೇವಮ್ಮನ ಪಾಲಿನ ಕೆಲಸ

ಚನ್ನರಾಯಪಟ್ಟಣ
12 ಜೂನ್ 2024

ಹಾಸನದ ಡಾಕ್ಟ್ರಮ್ಮ ನಿಸರ್ಗ ಅವರಿಗೆ, ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಷಡಕ್ಷರಿಯ ನಮಸ್ಕಾರಗಳು.

ಹೋದ ವಾರ ಹೆಂಡತಿ ರೇವಮ್ಮನನ್ನು ಕರೆದುಕೊಂಡು ಬಂದಿದ್ದ ಕಿವುಡ ಮುದುಕ ನಾನೇ. ಆಮೇಲೆ ನೀವು ಎರಡು ಸಲ ಫೋನ್ ಮಾಡಿದಿರಂತೆ. ಮಗ ರಜನೀಶ ಅದನ್ನು ನನ್ನ ಕಿವಿಗೆ ಹಿಡಿದ. ಗುಂಯ್ ಎನ್ನುವುದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಎದುರಿಗೆ ಕೂತು ಗಟ್ಟಿಯಾಗಿ ಮಾತಾಡಿದರೆ ತಿಳಿಯುತ್ತದೆ, ಫೋನಿನಲ್ಲಿ ಆಗುವುದಿಲ್ಲ. ವಾಟ್ಸಾಪಿನಲ್ಲಿ ಬರೀರಪ್ಪ ಅಂತಾನೆ ರಜನೀಶ. ಗಾಜಿನ ಮೇಲೆ ಬೆರಳೊತ್ತಿ ಬರೆದದ್ದು ನನಗೆ ಬರೆದಂತೆಯೇ ಆಗುವುದಿಲ್ಲ. ಅದಕ್ಕೇ ಈ ಕಾಗದ. ನೀವೂ ಕಾಗದದಲ್ಲೇ ಉತ್ತರ ಕೊಟ್ಟರೆ ಉಪಕಾರ.

ನಿಮ್ಮ ಬಾಗಿಲ ಮೇಲಿನ ‘ಆಕ್ಯುಪೇಷನಲ್ ಥೆರಪಿ’ ಬೋರ್ಡು ನೋಡಿ ನನಗೆ ಗಾಬರಿಯಾಗಿತ್ತು. ಆಕ್ಯುಪೇಷನ್ ಅಂದರೆ ಉದ್ಯೋಗ ಎಂದು ನಮ್ಮ ಕಾಲದಲ್ಲಿ ಕಲಿಸಿದ್ದರು. ಅರವತ್ತೆಂಟರ ಹೆಂಗಸಿಗೆ, ಅದೂ ಮರೆವಿನ ಕಾಯಿಲೆಯವಳಿಗೆ, ಈ ಹುಡುಗಿ ಎಲ್ಲಿ ಕೆಲಸ ಕೊಡಿಸುತ್ತಾಳಪ್ಪಾ ಅಂದುಕೊಂಡೆ. ನಗಬೇಡಿ.

ನೀವು ಹೇಳಿದಂತೆ ದಿನಾ ಅವಳ ಬಟ್ಟೆಗಳನ್ನು ಉಡುವ ಕ್ರಮದಲ್ಲೇ ಮಂಚದ ಮೇಲೆ ಸಾಲಾಗಿ ಇಡುತ್ತಿದ್ದೇನೆ. ಮೊದಲು ಲಂಗ, ಆಮೇಲೆ ರವಿಕೆ, ಆಮೇಲೆ ಸೀರೆ. ಅಚ್ಚುಕಟ್ಟಾಗಿ ಉಟ್ಟು ಹೊರಗೆ ಬರುತ್ತಾಳೆ. ನೆರಿಗೆ ಒಂದಿಷ್ಟೂ ಆಚೀಚೆ ಇರುವುದಿಲ್ಲ.

ಕಾಫಿಯಾದ ಮೇಲೆ ಪ್ರಶ್ನೆಗಳನ್ನೂ ಕೇಳುತ್ತಿದ್ದೇನೆ. ಇದು ನನ್ನದೇ ಉಪಾಯ. ಇವತ್ತು ಯಾವ ವಾರ? ಮಗನ ಹೆಸರೇನು? ನಾನು ಯಾರು? ಮೊದಲೆರಡಕ್ಕೆ ಒಂದೊಂದು ದಿನ ಸರಿಯಾಗಿ ಹೇಳುತ್ತಾಳೆ. ಮೂರನೆಯದಕ್ಕೆ ಸುಮ್ಮನೆ ನಗುತ್ತಾಳೆ. ಅಭ್ಯಾಸ ಮಾಡಿಸಿದರೆ ಬಂದೀತು. ಇನ್ನೂ ಇಂಥ ಅಭ್ಯಾಸಗಳಿದ್ದರೆ ಬರೆದು ಕಳಿಸಿ.

ಇಂತಿ,
ಷಡಕ್ಷರಿ


ಹಾಸನ
19 ಜೂನ್ 2024

ಷಡಕ್ಷರಿಯವರಿಗೆ ನಮಸ್ಕಾರ.

ನಾನು ಡಾಕ್ಟರ್ ಅಲ್ಲ, ಬರೀ ನಿಸರ್ಗ. ಕ್ಷಮಿಸಿ, ನಿಮ್ಮ ಕಾಗದ ಓದಿ ನಕ್ಕುಬಿಟ್ಟೆ. ಆದರೆ ನೀವು ಮಾಡಿದ ಅರ್ಥ ಪೂರ್ತಿ ತಪ್ಪೇನಲ್ಲ. ಎದ್ದು ಮುಖ ತೊಳೆಯುವುದರಿಂದ ಹಿಡಿದು ಹಾಸಿಗೆ ಮಡಿಸುವವರೆಗೆ ದಿನ ತುಂಬ ನಾವು ಮಾಡುವ ಕೆಲಸಗಳನ್ನೆಲ್ಲ ನಮ್ಮ ಓದಿನಲ್ಲಿ ಉದ್ಯೋಗ ಎಂದೇ ಕರೆಯುತ್ತಾರೆ. ಕಾಯಿಲೆ ಅವನ್ನು ಒಂದೊಂದಾಗಿ ಕಸಿದುಕೊಳ್ಳುತ್ತದೆ. ಕೈಯಲ್ಲಿ ಉಳಿದವನ್ನು ಆದಷ್ಟು ದಿನ ಹಿಡಿದುಕೊಳ್ಳುವುದಕ್ಕೆ ದಾರಿ ಮಾಡಿಕೊಡುವುದು ನನ್ನ ಕೆಲಸ.

ನಮ್ಮದು ಅರಕಲಗೂಡು ತಾಲ್ಲೂಕು. ಅಪ್ಪ ಹೊಗೆಸೊಪ್ಪು ಬೆಳೆದು ರಾಮನಾಥಪುರದ ಹರಾಜಿಗೆ ಹಾಕುತ್ತಾರೆ. ನಮ್ಮಜ್ಜಿಗೂ ಮರೆವು ಬಂದಿತ್ತು. ಮೊಮ್ಮಕ್ಕಳ ಹೆಸರೆಲ್ಲ ಅಳಿಸಿಹೋಗಿತ್ತು. ಆದರೆ ಹಸಿ ಸೊಪ್ಪು, ಕಡ್ಡಿ, ದಾರ ಮುಂದಿಟ್ಟರೆ ಬೇರೆಯವರಿಗಿಂತ ಬೇಗ ಕಟ್ಟುತ್ತಿದ್ದಳು. ತಲೆ ಮರೆತದ್ದನ್ನು ಕೈ ಬಹಳ ದಿನ ಇಟ್ಟುಕೊಂಡಿರುತ್ತದೆ.

ಸೀರೆ ಉಡುವ ವಿಷಯ ಓದಿ ಸಂತೋಷವಾಯಿತು, ಸ್ವಲ್ಪ ಆಶ್ಚರ್ಯವೂ ಆಯಿತು. ಎಲ್ಲಾದರೂ ತಡವರಿಸಿದರೆ ಹೀಗೆ ಮಾಡಿ. ಮೊದಲ ಭಾಗಕ್ಕೆ ನೀವು ಕೈಹಚ್ಚಿ, ಕೊನೆಯದನ್ನು ಅವರಿಗೆ ಬಿಡಿ. ಸೆರಗನ್ನು ಹೆಗಲ ಮೇಲೆ ಹಾಕಿಕೊಳ್ಳುವುದು ಅವರದೇ ಆಗಲಿ. ಕೆಲಸ ಮುಗಿಸಿದ ಸಮಾಧಾನ ಅವರಿಗೆ ಸಿಗುತ್ತದೆ. ಅದು ರೂಢಿಯಾದ ಮೇಲೆ ಅದರ ಹಿಂದಿನದನ್ನೂ ಬಿಡಿ.

ನೀವು ಅವತ್ತು ಹೇಳಿದಿರಲ್ಲ, ಬಚ್ಚಲ ಮುಂದಿನ ಆ ಕಪ್ಪು ಕಾಲೊರಸು ತೆಗೆದುಬಿಡಿ. ಅವರ ಕಣ್ಣಿಗೆ ಅದು ಗುಂಡಿಯಂತೆ ಕಾಣುತ್ತಿರಬಹುದು, ಅದಕ್ಕೇ ಅಲ್ಲಿ ನಿಂತುಬಿಡುತ್ತಾರೆ. ಬಿಳಿ ತಟ್ಟೆಯಲ್ಲಿ ಬಿಳಿ ಅನ್ನ ಹಾಕಬೇಡಿ, ಗುರುತು ಸಿಗುವುದಿಲ್ಲ.

ಪ್ರಶ್ನೆ ಕೇಳುವುದನ್ನು ಮಾತ್ರ ದಯವಿಟ್ಟು ಬಿಡಿ. ಉತ್ತರ ಬಾರದವರಿಗೆ ಅದು ದಿನಾ ಸೋಲಿಸಿದ ಹಾಗೆ.

ಮನೆಯಲ್ಲಿ ರೇವಮ್ಮನವರ ಪಾಲಿಗೆ ಬಂದ ಕೆಲಸ ಯಾವುದಿತ್ತು? ಇದನ್ನು ಅವಳೇ ಮಾಡಬೇಕು ಅಂತ ಎಲ್ಲರೂ ಅನ್ನುತ್ತಿದ್ದದ್ದು?

ನಿಸರ್ಗ


ಚನ್ನರಾಯಪಟ್ಟಣ
8 ಜುಲೈ 2024

ನಿಸರ್ಗಮ್ಮನವರಿಗೆ,

ಕಾಲೊರಸು ತೆಗೆದೆ. ಬಚ್ಚಲಿಗೆ ಸಲೀಸಾಗಿ ಹೋದಳು! ಇಷ್ಟು ದಿನ ನಾವು ಅವಳನ್ನು ‘ಹಟ’ ಅಂತ ಬೈದದ್ದಕ್ಕೆ ಏನು ಹೇಳೋಣ.

ಅವಳ ಕೆಲಸ ಕೇಳಿದಿರಿ. ಅಕ್ಕಿ. ಈ ಮನೆಯಲ್ಲಿ ಅವಳು ಮೊರ ಹಿಡಿದು ಕೇರದ ಅಕ್ಕಿ ಒಲೆ ಹತ್ತಿರ ಹೋಗುತ್ತಿರಲಿಲ್ಲ. ಈಗ ಮಿಷನ್ ಅಕ್ಕಿ, ಒಂದು ನೆಲ್ಲೂ ಇರುವುದಿಲ್ಲ. ಅದಕ್ಕೆ ನಾನು ಬುದ್ಧಿವಂತಿಕೆ ಮಾಡಿ ಒಂದು ಹಿಡಿ ಕಲ್ಲು ಬೆರೆಸಿ ಮುಂದಿಟ್ಟೆ. ಮೊರ ಕೈಗೆ ಬಂದದ್ದೇ ತಡ, ತಟಪಟ ಕೇರಿದಳು ನೋಡಿ! ಆಮೇಲೆ ಕಲ್ಲುಗಳನ್ನೆಲ್ಲ ಅಂಗೈಯಲ್ಲಿ ಹಿಡಿದು, “ಯಾವೋನ್ರೀ ಈ ಅಂಗ್ಡಿಯೋನು? ಹಿಂಗೆ ಮೋಸ ಮಾಡವ್ನಲ್ಲ, ಹೋಗಿ ಕೇಳ್ಕೊಂಡ್ ಬನ್ನಿ” ಅಂತ ನನ್ನನ್ನೇ ಅಟ್ಟಿದಳು. ನಾನು ಬೀದಿ ಕೊನೆಯವರೆಗೂ ಹೋಗಿ ಸುಮ್ಮನೆ ನಿಂತು ವಾಪಸ್ಸು ಬಂದೆ. ಪಾತ್ರೆ ತೊಳೆಯುವ ಮಾಯಮ್ಮ ಬಿದ್ದು ಬಿದ್ದು ನಕ್ಕಳು.

ಬೈದಳಮ್ಮ! ಎರಡು ವರ್ಷದಲ್ಲಿ ಹೀಗೆ ಬೈದಿರಲಿಲ್ಲ. ನನ್ನ ಹಳೇ ರೇವಮ್ಮನೇ ಬಂದಂತಾಯಿತು. ಈ ಲೆಕ್ಕದಲ್ಲಿ ದೀಪಾವಳಿ ಹೊತ್ತಿಗೆ ನನ್ನ ಹೆಸರು ನೆನಪಿಗೆ ಬರಬಹುದು ಅಂತ ನನ್ನ ಅಂದಾಜು. ನೀವೇನು ಹೇಳುತ್ತೀರಿ?

ಷಡಕ್ಷರಿ


ಹಾಸನ
15 ಜುಲೈ 2024

ಯಜಮಾನರಿಗೆ,

ರಜನೀಶ್ ಅವರೂ ನಿಮ್ಮ ಸೊಸೆಯೂ ಫೋನಿನಲ್ಲಿ ನಿಮ್ಮ ವಿಷಯ ಹೇಳುವಾಗ ಹಾಗೆಯೇ ಅನ್ನುತ್ತಾರಲ್ಲ, ನಾನೂ ಹಾಗೇ ಕರೆಯುತ್ತೇನೆ.

ಮೊರದ ಕತೆಯನ್ನು ನಮ್ಮ ಇಲಾಖೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಆದರೆ ಕಲ್ಲು ಬೆರೆಸಬೇಡಿ. ಆಟಕ್ಕೆ ಕೊಟ್ಟ ಕೆಲಸ ಯಾವುದು, ಮನೆಗೆ ಬೇಕಾದ ಕೆಲಸ ಯಾವುದು ಎಂಬುದು ಅವರಿಗೆ ಇವತ್ತಲ್ಲ ನಾಳೆ ಗೊತ್ತಾಗುತ್ತದೆ. ಬಟಾಣಿ ಸುಲಿಯಲಿ, ಒಗೆದ ಬಟ್ಟೆ ಮಡಿಸಲಿ. ಸುಲಿದದ್ದು ಅವತ್ತಿನ ಸಾರಿಗೆ ಬೀಳಲಿ.

ದೀಪಾವಳಿಯ ವಿಷಯ ಈಗಲೇ ಹೇಗೆ ಹೇಳಲಿ? ನೋಡೋಣ. ಆಗಸ್ಟಿನಲ್ಲಿ ನಾನೇ ನಿಮ್ಮ ಮನೆಗೆ ಬರುತ್ತೇನೆ.

ನಿಸರ್ಗ


ಹಾಸನ
20 ಆಗಸ್ಟ್ 2024

ಯಜಮಾನರಿಗೆ,

ಶನಿವಾರ ನಿಮ್ಮ ಮನೆಯಲ್ಲಿ ಊಟ ಮಾಡಿ ಬಂದು ಇಂಥ ಕಾಗದ ಬರೆಯುತ್ತಿದ್ದೇನೆ. ಎದುರಿಗೆ ಗಟ್ಟಿಯಾಗಿ ಕೂಗಿ ಹೇಳುವ ಮಾತಲ್ಲವಾದ್ದರಿಂದ ಅಲ್ಲಿ ಹೇಳಲಿಲ್ಲ.

ನಾನು ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ಬಂದೆ. ಕೋಣೆಯ ಬಾಗಿಲು ತೆರೆದಿತ್ತು. ರೇವಮ್ಮನವರು ಎರಡೂ ಕೈ ಚಾಚಿ ಮಗುವಿನಂತೆ ನಿಂತಿದ್ದರು. ನೀವು ಮಂಡಿಯೂರಿ ಕೂತು ನೆರಿಗೆ ಹಿಡಿಯುತ್ತಿದ್ದಿರಿ. ಎಷ್ಟು ಚೆನ್ನಾಗಿ ಹಿಡಿಯುತ್ತೀರಿ! ಮಾಯಮ್ಮನನ್ನು ಕೇಳಿದೆ. “ಎಲ್ಲಾನೂ ಯಜಮಾನ್ರೇ ಮಾಡ್ತಾರೆ ಕಣವ್ವ. ಸೀರೆ ಉಡ್ಸೋದು, ತಲೆ ಬಾಚೋದು, ತುತ್ತು ಇಡೋದು. ಅವ್ವ ಸುಮ್ಕೆ ನಿಂತಿರ್ತದೆ” ಅಂದಳು.

ನೀವು ಕಾಫಿ ತರಲು ಒಳಗೆ ಹೋದಾಗ ರೇವಮ್ಮನವರು ನನ್ನ ಕೈ ಹಿಡಿದುಕೊಂಡು ಹೇಳಿದರು: “ಆ ಯಪ್ಪ ಬೆಳಗ್ಗೆ ಬೆಳಗ್ಗೆ ಏನೋ ಕೇಳ್ತಾರೆ ಕಣಮ್ಮ. ನಂಗ್ ಬರಲ್ಲ. ಒಳ್ಳೇರು ಪಾಪ, ಬೇಜಾರ್ ಮಾಡ್ಕೋತಾರೆ. ನೀನು ಹೇಳ್ಕೊಡ್ತೀಯಾ?”

ಯಜಮಾನರೇ, ನೀವು ಜುಲೈಯಲ್ಲೇ ಕೇಳಿದ್ದಕ್ಕೆ ನಾನು ಈಗ ಉತ್ತರ ಕೊಡುತ್ತಿದ್ದೇನೆ. ಹೋದ ನೆನಪು ವಾಪಸ್ಸು ಬರುವುದಿಲ್ಲ. ಈ ಕಾಯಿಲೆ ಮುಂದೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ನಿಮ್ಮ ಹುರುಪು ನೋಡಿ ಹೇಳಲು ನನಗೆ ಬಾಯಿ ಬರಲಿಲ್ಲ, ‘ನೋಡೋಣ’ ಅಂದೆ. ನಾವು ಮಾಡಬಹುದಾದದ್ದು ಅವರ ಇವತ್ತನ್ನು ಹಗುರ ಮಾಡುವುದು. ಅವರು ಇನ್ನೂ ಮಾಡಬಲ್ಲ ಕೆಲಸವನ್ನು ನಾವು ಮಾಡಿಕೊಟ್ಟರೆ ಅದು ಕಾಯಿಲೆ ಕಸಿಯುವುದಕ್ಕಿಂತ ಬೇಗ ಅವರ ಕೈಬಿಡುತ್ತದೆ.

ನಿಸರ್ಗ


ಚನ್ನರಾಯಪಟ್ಟಣ
2 ಸೆಪ್ಟೆಂಬರ್ 2024

ಕುಮಾರಿ ನಿಸರ್ಗ ಅವರಿಗೆ,

ತಮ್ಮ ಪತ್ರ ತಲುಪಿದೆ. ನಾನು ನನ್ನ ಹೆಂಡತಿಯನ್ನು ಕಾಯಿಲೆಗಿಂತ ಬೇಗ ಕೆಡಿಸುತ್ತಿದ್ದೇನೆ ಎಂಬ ಅರ್ಥ ಬರುವ ಮಾತನ್ನು ಈ ವಯಸ್ಸಿನಲ್ಲಿ ಕೇಳಬೇಕಾಯಿತು. ಈ ತಿಂಗಳ ಭೇಟಿಗೆ ನಾವು ಬರುವುದಿಲ್ಲ. ತಾವು ಪಟ್ಟ ಶ್ರಮಕ್ಕೆ ವಂದನೆ.

ಷಡಕ್ಷರಿ


ಹಾಸನ
25 ಸೆಪ್ಟೆಂಬರ್ 2024

ಯಜಮಾನರಿಗೆ,

ಏನೂ ಕೇಳಲು ಬರೆಯುತ್ತಿಲ್ಲ. ಇವತ್ತು ಬೇರೊಬ್ಬರ ಮನೆಗೆ ಹೋಗಿದ್ದೆ. ಅಲ್ಲಿ ಜಗಲಿಯ ಮೇಲೆ ಮೊರವೊಂದು ಒರಗಿಸಿತ್ತು. ರೇವಮ್ಮನವರ ನೆನಪಾಯಿತು. ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ನಿಸರ್ಗ


ಚನ್ನರಾಯಪಟ್ಟಣ
16 ಅಕ್ಟೋಬರ್ 2024

ತಾಯಿ ನಿಸರ್ಗ,

ನಿನ್ನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ. ತಪ್ಪೆನಿಸಿದರೆ ಹೇಳು.

ಸಿಟ್ಟು ಬಂದಿತ್ತು. ಕಾಗದ ಹರಿಯಲು ಹೋಗಿ ಬಿಟ್ಟೆ. ಆಮೇಲೂ ಸೀರೆ ಉಡಿಸಿದೆ, ಪ್ರಶ್ನೆ ಕೇಳಿದೆ. ನಿನಗೆ ತೋರಿಸಬೇಕು ಅಂತಲೇ ಇನ್ನೂ ಜೋರಾಗಿ ಕೇಳಿದೆ.

ಹೋದ ವಾರ ಸೊಸೆಯ ಕಡೆಯವರ ಗೃಹಪ್ರವೇಶ ಹೊಳೆನರಸೀಪುರದಲ್ಲಿ. ರೇವಮ್ಮನಿಗೆ ಜನಜಂಗುಳಿ ಆಗದು. ಅವಳನ್ನು ಮಾಯಮ್ಮನ ವಶಕ್ಕೆ ಬಿಟ್ಟು ಬೆಳಗ್ಗೆಯೇ ಬಸ್ಸು ಹತ್ತಿದೆ. ಊಟಕ್ಕೆ ಕೂತರೂ ಅಲ್ಲಿ ತುತ್ತು ಇಳಿಯಲಿಲ್ಲ. ಅವಳಿಗೆ ಯಾರು ಉಡಿಸಿದರೋ, ಯಾರು ತಿನ್ನಿಸಿದರೋ. ಹೋಳಿಗೆ ಬಿಟ್ಟು ಎದ್ದುಬಂದೆ.

ಮನೆಗೆ ಬಂದರೆ ರೇವಮ್ಮ ಜಗಲಿಯಲ್ಲಿ ಮಾಯಮ್ಮನ ಜೊತೆ ಕೂತು ಹುರುಳಿಕಾಯಿ ಮುರಿಯುತ್ತಿದ್ದಳು. ಸೀರೆ ಒಳಮೈ ಹೊರಗೆ. ಸೆರಗು ಬಲಗಡೆಗೆ ಬಂದಿತ್ತು. ನೆರಿಗೆ ಅನ್ನುವುದು ಒಂದು ಗಂಟಾಗಿತ್ತು. “ನಾನು ಮುಟ್ನಿಲ್ಲ ಬುದ್ಧಿ, ಅವ್ವನೇ ಉಟ್ಕತು. ಹೊತ್ತಾಯ್ತು ಅಷ್ಟೇಯ” ಅಂದಳು ಮಾಯಮ್ಮ. ಸರಿಮಾಡೋಣವೆಂದು ಸೆರಗಿಗೆ ಕೈ ಹಾಕಿದೆ. ರೇವಮ್ಮ ನನ್ನ ಕೈ ಹಿಡಿದುಕೊಂಡಳು. “ಬಿಡಿ. ನಾನೇ ಉಟ್ಕಂಡಿದೀನಿ” ಅಂದಳು. ಸಿಟ್ಟಿನಿಂದಲ್ಲ, ಮೆಲ್ಲಗೆ. ಮದುವೆಯಾದ ಹೊಸತರಲ್ಲಿ ಅತ್ತೆ ಮುಂದೆ ಹಾಗೆ ಮಾತಾಡುತ್ತಿದ್ದಳು.

ಆ ಗಂಟು ನೆರಿಗೆಯಲ್ಲೇ ಸಂಜೆಯವರೆಗೂ ಓಡಾಡಿದಳು. ಮುಖ ನೋಡಬೇಕಿತ್ತು ನೀನು.

ಹಿತ್ತಲಿಗೆ ಹೋಗಿ ಕೂತು ಅತ್ತೆ. ಅಂಗಡಿಯನ್ನು ರಜನೀಶನಿಗೆ ಒಪ್ಪಿಸಿದ ಮೇಲೆ ನನಗೆ ಬೆಳಗಾದರೆ ಏನು ಮಾಡಬೇಕು ತಿಳಿಯುತ್ತಿರಲಿಲ್ಲ. ಇವಳಿಗೆ ಕಾಯಿಲೆ ಬಂದ ಮೇಲೆ ಕೈತುಂಬ ಕೆಲಸ ಸಿಕ್ಕಿತು. ಸೀರೆ ಉಡಿಸುವಾಗ ಅವಳು ನನ್ನವಳು ಅನ್ನಿಸುತ್ತಿತ್ತು. ಅಷ್ಟು ಹೊತ್ತಾದರೂ ನಾನು ಯಾರು ಅಂತ ಕೇಳುವ ಗೊಡವೆ ಇರುತ್ತಿರಲಿಲ್ಲ. ಅದನ್ನೂ ಬಿಟ್ಟರೆ ನಾನೇನು ಮಾಡಲಿ, ಹೇಳು.

ಷಡಕ್ಷರಿ


ಹಾಸನ
22 ಅಕ್ಟೋಬರ್ 2024

ಯಜಮಾನರೇ,

ಏಕವಚನವೇ ಇರಲಿ. ನಿಮ್ಮ ಕಾಗದವನ್ನು ಬಸ್ಸಿನಲ್ಲಿ ಓದಿದೆ. ಪಕ್ಕದವರು “ಯಾಕಮ್ಮ, ಏನಾಯ್ತು?” ಅಂದರು.

ಏನು ಮಾಡಲಿ ಅಂತ ಕೇಳಿದಿರಿ. ನಿಮಗೂ ಕೆಲಸ ಕೊಡುತ್ತೇನೆ, ಅದಕ್ಕೇ ತಾನೆ ನಮ್ಮ ಬೋರ್ಡು. ಅವರ ಪಕ್ಕದಲ್ಲಿ ಕೂತು ಅವರು ಮಾಡುವುದನ್ನೇ ನೀವೂ ಮಾಡಿ. ಅವರು ಒಂದು ಕಾಯಿ ಮುರಿದರೆ ನೀವೂ ಒಂದು. ಮರೆತು ಸುಮ್ಮನಾದರೆ ಹೇಳಿಕೊಡಬೇಡಿ, ನಿಮ್ಮ ಕೈ ನೋಡಿ ಮುಂದುವರಿಸುತ್ತಾರೆ. ಅಷ್ಟು ಹೊತ್ತು ಸುಮ್ಮನೆ ಕಾಯುವುದಿದೆಯಲ್ಲ, ಅದು ಉಡಿಸುವುದಕ್ಕಿಂತ ಕಷ್ಟದ ಕೆಲಸ. ನನಗೇ ಇನ್ನೂ ಸರಿಯಾಗಿ ಬರುವುದಿಲ್ಲ.

ತಲೆ ಬಾಚುವುದನ್ನು ಮಾತ್ರ ನೀವೇ ಇಟ್ಟುಕೊಳ್ಳಿ. ಅದು ಅವರಿಗೆ ಇಷ್ಟ, ನಾನು ನೋಡಿದ್ದೇನೆ.

ಮತ್ತೆ, ‘ನಾನು ಯಾರು’ ಎಂದು ಕೇಳುವ ಬದಲು ಹೇಳಿಬಿಡಿ. “ನಾನು ಷಡಕ್ಷರಿ, ಕಾಫಿ ತಂದಿದೀನಿ.” ಅಷ್ಟೇ ಸಾಕು.

ನಿಸರ್ಗ


ಚನ್ನರಾಯಪಟ್ಟಣ
4 ಡಿಸೆಂಬರ್ 2024

ತಾಯಿ ನಿಸರ್ಗ,

ಅವರೆಕಾಯಿ ಬಂದಿದೆ. ಇಡೀ ಮನೆ ಸೊಗಡು. ರೇವಮ್ಮನೂ ನಾನೂ ಎದುರುಬದುರು ಕೂತು ನೆನೆಹಾಕಿದ ಕಾಳನ್ನು ಹಿತುಕುತ್ತೇವೆ. ಅವಳ ಬೆರಳಲ್ಲಿ ಬೇಳೆ ಪುಳಕ್ಕನೆ ಸಿಪ್ಪೆ ಬಿಟ್ಟು ಬೋಗುಣಿಗೇ ಬೀಳುತ್ತದೆ. ನನ್ನದು ಗೋಡೆಗೆ ಹೊಡೆಯುತ್ತದೆ. “ನಿಮ್ಗೆ ಬರಲ್ಲ, ಮಾಡಿ ಗೊತ್ತಿಲ್ಲ ಅಂತ ಕಾಣುತ್ತೆ” ಅಂತ ನಗುತ್ತಾಳೆ. ಹಿತಕಿದ ಬೇಳೆ ಸಾರು ಮಾಡಿ ಸೊಸೆ “ಅತ್ತೆ, ಇವತ್ತಿನ ಸಾರು ನಿಮ್ದೇ” ಎಂದಳು. ರೇವಮ್ಮ ಎರಡು ಸಲ ಬಡಿಸಿಕೊಂಡಳು.

ಸೀರೆ ಉಡಲು ಒಂದೊಂದು ದಿನ ತುಂಬ ಹೊತ್ತು ಬೇಕು. ಕಾಯುತ್ತೇನೆ. ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತೇನೆ, ಇಲ್ಲದಿದ್ದರೆ ತಾನಾಗಿಯೇ ಮುಂದೆ ಬರುತ್ತದೆ.

ಒಂದು ವಿಷಯ ಬರೆಯಲೋ ಬೇಡವೋ ಅಂದುಕೊಂಡಿದ್ದೆ. ಮೊನ್ನೆಯಿಂದ ನನ್ನನ್ನು “ಅಣ್ಣಾ” ಅನ್ನುತ್ತಿದ್ದಾಳೆ. ದುದ್ದದಲ್ಲಿ ಅವಳ ತವರು, ತೀರಿಹೋದ ಅಣ್ಣ ಒಬ್ಬನಿದ್ದ. ನಾನು ಪ್ರತಿಸಲ “ಅಣ್ಣ ಅಲ್ಲ ಕಣೇ, ನಾನು” ಅನ್ನುತ್ತೇನೆ. ಅವಳು ಗಾಬರಿಯಾಗುತ್ತಾಳೆ. ಏನನ್ನಲಿ?

ಷಡಕ್ಷರಿ


ಹಾಸನ
10 ಡಿಸೆಂಬರ್ 2024

ಯಜಮಾನರೇ,

ತಿದ್ದಬೇಡಿ ಅಂತ ಹೇಳುವುದು ಸುಲಭ, ಕೇಳಿಸಿಕೊಳ್ಳುವುದು ಸುಲಭವಲ್ಲ. ಅಣ್ಣ ಎಂದರೆ ಅವರಿಗೆ ನಂಬಿಕೆಯ ಮನುಷ್ಯ ಅಂತ. ಆ ಜಾಗದಲ್ಲಿ ನಿಮ್ಮನ್ನು ಕೂರಿಸಿದ್ದಾರೆ. ಆಗುವುದಾದರೆ ಓಗೊಡಿ, ಆಗದಿದ್ದರೆ ಮಾತು ಬೇರೆ ಕಡೆ ತಿರುಗಿಸಿ. ಬೇಸರವಾದ ದಿನ ನನಗೆ ಬರೆಯಿರಿ.

ನಿಸರ್ಗ


ಹಾಸನ
13 ಜನವರಿ 2025

ಯಜಮಾನರೇ,

ಒಂದು ತಿಂಗಳಿಂದ ನಿಮ್ಮ ಕಾಗದವಿಲ್ಲ, ಭೇಟಿಗೂ ಬರಲಿಲ್ಲ. ಅಣ್ಣನ ವಿಷಯದಲ್ಲಿ ಬರೆದದ್ದು ಮನಸ್ಸಿಗೆ ನೋವಾಯಿತೇನೋ. ನನ್ನ ವಯಸ್ಸಿಗೆ ಅದು ದೊಡ್ಡ ಮಾತು. ಸಿಟ್ಟಿದ್ದರೆ ಬೈದಾದರೂ ಬರೆಯಿರಿ. ನಾಳೆ ಸಂಕ್ರಾಂತಿ, ಎಳ್ಳುಬೆಲ್ಲ ಈ ಕಾಗದದ ಜೊತೆ ಇಟ್ಟಿದ್ದೇನೆ. ರೇವಮ್ಮನವರಿಗೂ ಕೊಡಿ.

ನಿಸರ್ಗ


ಚನ್ನರಾಯಪಟ್ಟಣ
27 ಜನವರಿ 2025

ತಾಯಿ ನಿಸರ್ಗ,

ಅಕ್ಷರ ಕಾಗೆ ಕಾಲಾಗಿದೆ, ಕ್ಷಮಿಸು. ಸಿಟ್ಟಲ್ಲಮ್ಮ, ಚಿಕುನ್‌ಗುನ್ಯ. ಡಿಸೆಂಬರ್ ಕೊನೆಯಲ್ಲಿ ಜ್ವರ ಬಂದು ಕೀಲು ಕೀಲು ಹಿಡಿದುಬಿಟ್ಟಿತು. ಲೋಟ ಎತ್ತಲಾರೆ, ಗುಂಡಿ ಹಾಕಿಕೊಳ್ಳಲಾರೆ. ನಿನಗೆ ತಿಳಿಸುತ್ತೇನೆ ಅಂದ ರಜನೀಶನನ್ನು ನಾನೇ ತಡೆದೆ. ಆ ಹುಡುಗಿಗೆ ಮೊದಲೇ ನೂರು ಜನ ರೋಗಿಗಳು ಅಂತ. ನೀನು ಬೇರೇನೋ ಅಂದುಕೊಂಡೆ.

ನನಗಿದ್ದ ದಿಗಿಲು ಒಂದೇ, ರೇವಮ್ಮನದು. ರಜನೀಶ ಅಂಗಡಿಗೆ, ಸೊಸೆ ಸ್ಕೂಲಿಗೆ. ಹಗಲು ಮಾಯಮ್ಮ ಒಬ್ಬಳೇ ಎಷ್ಟು ಜನರನ್ನು ನೋಡಿಯಾಳು? ಮಲಗಿದಲ್ಲೇ ಅದೇ ಯೋಚನೆ.

ಮೊದಲೆರಡು ದಿನ ರೇವಮ್ಮ ಬಾಗಿಲಲ್ಲಿ ನಿಂತು ನೋಡಿ ಹೋದಳು. ಮೂರನೆಯ ದಿನ ಮಧ್ಯಾಹ್ನ ಮಾಯಮ್ಮ ಗಂಜಿಗಿಟ್ಟು ಬಟ್ಟೆ ಎತ್ತಲು ಹೋಗಬೇಕಿತ್ತು. ಒಲೆ ಸಣ್ಣ ಮಾಡಿ, “ಅವ್ವ, ತಳ ಹಿಡೀದಂಗೆ ವಸಿ ತಿರುವ್ತಿರು” ಅಂತ ಸೌಟು ಕೈಗೆ ಕೊಟ್ಟಳಂತೆ. ವಾಪಸ್ಸು ಬಂದಾಗ ಗಂಜಿ ಹದವಾಗಿತ್ತಂತೆ. ರೇವಮ್ಮ ಉಪ್ಪಿನ ಡಬ್ಬಿ ಹುಡುಕುತ್ತಿದ್ದಳಂತೆ. ಮಾಯಮ್ಮ ಒಲೆ ಆರಿಸಿ ಬಟ್ಟಲಿಗೆ ಬಗ್ಗಿಸಿ, ಆರಿಸಿ, ಅವಳ ಕೈಗೇ ಕೊಟ್ಟಳು.

ರೇವಮ್ಮ ಬಂದು ಮಂಚದ ಮೇಲೆ ಕೂತಳು. ನನ್ನ ಕೊರಳಿಗೆ ಟವೆಲ್ಲು ಹೊದೆಸಿದಳು. ಚಮಚವನ್ನು ತುಟಿಗೆ ಮುಟ್ಟಿಸಿ ಬಿಸಿ ನೋಡಿ, ನನಗೆ ಕುಡಿಸಿದಳು. ಒಂದು ಹನಿ ಚೆಲ್ಲಲಿಲ್ಲ. ನನ್ನ ಕಿವಿ ಮಂದ ಅಂತ ಯಾರು ಹೇಳಿದರೋ, ಬಗ್ಗಿ ಬಲಗಿವಿಯ ಹತ್ತಿರವೇ ಕೇಳಿದಳು:

“ಎಷ್ಟ್ ದಿನ್ದಿಂದ ಹಿಂಗೈತೆ? ನಿಮ್ ಮನೇಲಿ ನೋಡ್ಕೊಳ್ಳೋರಿಲ್ವ?”

“ಇದಾಳೆ ಕಣಮ್ಮ” ಅಂದೆ.

“ಹೆಂಡ್ತೀನಾ?”

“ಹೂಂ.”

“ಚೆನ್ನಾಗ್ ನೋಡ್ಕೋತಾಳಾ?”

“ಬಾಳ ಚೆನ್ನಾಗ್ ನೋಡ್ಕೋತಾಳೆ.”

“ಪುಣ್ಯವಂತ್ರು ಬಿಡಿ” ಅಂದು ಇನ್ನೊಂದು ಚಮಚ ಕುಡಿಸಿದಳು.

ಅಳು ಬಂತು. ಜ್ವರದ ಸಂಕಟ ಅಂದುಕೊಂಡು ಕಣ್ಣೊರೆಸಿದಳು. ಅವಳು ನನ್ನನ್ನು ಮರೆತಿದ್ದಾಳೆ ನಿಸರ್ಗ, ಅದರಲ್ಲಿ ಇನ್ನು ಅನುಮಾನವಿಲ್ಲ. ಅವತ್ತು ಮಾತ್ರ ಅದು ಅಷ್ಟು ದೊಡ್ಡ ವಿಷಯ ಅನ್ನಿಸಲಿಲ್ಲ.

ಅಂದಿನಿಂದ ದಿನಾ ಅವಳೇ. ಒಲೆ ಹಚ್ಚುವುದು, ಆರಿಸುವುದು ಮಾಯಮ್ಮ. ತಿರುವುವುದು, ಕುಡಿಸುವುದು ರೇವಮ್ಮ. ಮನೆಯಲ್ಲಿ ಅವಳಿಗೆ ಓಡಾಡಲು ಒಂದು ಕಾರಣ ಸಿಕ್ಕಿದೆ. ಈಚೆಗೆ ಸಂಜೆ ಹೊತ್ತು ‘ಊರಿಗೆ ಹೋಗಬೇಕು’ ಅಂತ ಬಾಗಿಲು ತಟ್ಟುತ್ತಿದ್ದಳು, ಅದೂ ಕಮ್ಮಿಯಾಗಿದೆ. ನಿನ್ನ ಎಳ್ಳುಬೆಲ್ಲವನ್ನೂ ಅವಳೇ ನನ್ನ ಬಾಯಿಗೆ ಹಾಕಿದಳು.

ಈಗ ಜ್ವರ ಬಿಟ್ಟಿದೆ, ಬೆರಳು ಸ್ವಲ್ಪ ಮಡಚುತ್ತವೆ. ಇವತ್ತು ಬೆಳಗ್ಗೆ ಎದ್ದು ಸ್ನಾನ ಮಾಡಿ, ವಿಭೂತಿ ಹಚ್ಚಿ, ಶರ್ಟು ಹಾಕಿಕೊಂಡು ಜಗಲಿಗೆ ಬಂದೆ. ರೇವಮ್ಮ ಅಲ್ಲಿ ಕೂತಿದ್ದಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

“ಹುಷಾರಾದ್ರಾ? ಹೊರಟ್ಬಿಟ್ರಾ?” ಅಂದಳು. “ಇನ್ನೂ ಸುಸ್ತೈತೆ ನಿಮ್ಗೆ. ಇನ್ನೆರಡು ದಿನ ಇದ್ದು ಹೋಗಿ.”

ಪಕ್ಕದಲ್ಲಿ ಕೂತುಕೊಂಡು, “ಆಯ್ತಮ್ಮ, ಇರ್ತೀನಿ” ಅಂದೆ.

ಷಡಕ್ಷರಿ